ಹಾರಾಟದ ಥಿಯರಿ: ಸ್ವಂತ ಓದೋ, ಗ್ರೌಂಡ್ ಸ್ಕೂಲೋ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ ಹಾರಿಸಲು ಕಲಿಯಹೊರಟವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು, ಮೊದಲ ಹಂತದ ಸಂದೇಹಗಳಿಂದ ಪರೀಕ್ಷೆಯ ಆಚೆಗಿನ ವಿಚಾರಗಳವರೆಗೆ ಜೋಡಿಸಲಾಗಿದೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಸಂದೇಹಗಳು

ಹಾರುವುದನ್ನು ಆಕಾಶದಲ್ಲೇ ಕಲಿಯಬೇಕಲ್ಲವೇ? ಗ್ರೌಂಡ್ ಸ್ಕೂಲ್‌ನಲ್ಲಿ ಏನು ಕಲಿಸುತ್ತಾರೆ?

ವಿಮಾನವನ್ನು ಕೈಕಾಲುಗಳಿಂದ ನಿಯಂತ್ರಿಸುವ ಕೌಶಲವೊಂದನ್ನು ಬಿಟ್ಟು, ಪೈಲಟ್‌ಗೆ ತಿಳಿದಿರಬೇಕಾದ ಉಳಿದ ವಿಷಯಗಳ ವ್ಯವಸ್ಥಿತ ಪಾಠವೇ ಗ್ರೌಂಡ್ ಸ್ಕೂಲ್. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಕಾವೊ, ಖಾಸಗಿ ಪೈಲಟ್‌ಗೆ ಬೇಕಾದ ಜ್ಞಾನವನ್ನು ತನ್ನ ಮೊದಲನೆಯ ಅನುಬಂಧದಲ್ಲಿ 9 ವಿಷಯಗಳಾಗಿ ವಿಂಗಡಿಸಿದೆ: ವಿಮಾನಯಾನ ಕಾನೂನು, ವಿಮಾನದ ಸಾಮಾನ್ಯ ಜ್ಞಾನ, ಸಾಮರ್ಥ್ಯ ಹಾಗೂ ಭಾರದ ಲೆಕ್ಕ, ಮನುಷ್ಯನ ದೇಹ–ಮನಸ್ಸುಗಳ ಮಿತಿ, ಹವಾಮಾನ, ನ್ಯಾವಿಗೇಷನ್, ಕಾರ್ಯವಿಧಾನಗಳು, ಹಾರಾಟದ ತತ್ತ್ವಗಳು ಮತ್ತು ರೇಡಿಯೊ ಸಂಭಾಷಣೆ. ಪಠ್ಯಕ್ರಮದ ಹೆಸರು, ಹಂಚಿಕೆಗಳು ದೇಶದಿಂದ ದೇಶಕ್ಕೆ ಬದಲಾದರೂ ಒಳಗಿರುವ ವಿಷಯ ಬಹುಮಟ್ಟಿಗೆ ಇದೇ ಆಗಿರುತ್ತದೆ.

ಇವನ್ನು ನೆಲದ ಮೇಲೆಯೇ ಕಲಿಯಬೇಕು. ಎಂಜಿನ್ ಸದ್ದು, ರೇಡಿಯೊ ಕರೆಗಳು, ಹೊರಗಿನ ವಿಮಾನಗಳ ಮೇಲಿನ ನಿಗಾ, ಹೊಸಬರಿಗೆ ಸಹಜವಾದ ಆತಂಕ ಎಲ್ಲವೂ ಒಟ್ಟಿಗೇ ಮುತ್ತಿಕೊಂಡಿರುವ ಕಾಕ್‌ಪಿಟ್‌ನಲ್ಲಿ ಹೊಸ ಪರಿಕಲ್ಪನೆಯೊಂದನ್ನು ಶಾಂತವಾಗಿ ಗ್ರಹಿಸುವುದು ಬಹಳ ಕಷ್ಟ.

ತರಗತಿಗೆ ಹೋಗದೆ, ಮನೆಯಲ್ಲೇ ಓದಿ ಲಿಖಿತ ಪರೀಕ್ಷೆ ಬರೆಯಲು ಕಾನೂನು ಬಿಡುತ್ತದೆಯೇ?

ನೀವು ಪಡೆಯಹೊರಟಿರುವ ಲೈಸೆನ್ಸ್ ಯಾವ ದೇಶದ್ದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎಯ ನಿಯಮಾವಳಿಯ 61ನೆಯ ಭಾಗದ ಪ್ರಕಾರ, ಖಾಸಗಿ ಪೈಲಟ್ ಅಭ್ಯರ್ಥಿಯು ಅಧಿಕೃತ ಬೋಧಕರಿಂದ ಪಾಠ ಹೇಳಿಸಿಕೊಳ್ಳಬಹುದು, ಇಲ್ಲವೇ ಮನೆಯಲ್ಲಿ ಓದುವ ಕೋರ್ಸ್ ಒಂದನ್ನು ಮುಗಿಸಬಹುದು. ಆದರೆ ಹೇಗೆ ಓದಿದರೂ, ಅಭ್ಯರ್ಥಿ ಪರೀಕ್ಷೆಗೆ ಸಿದ್ಧರಿದ್ದಾರೆ ಎಂಬ ಅಧಿಕೃತ ಬೋಧಕರ ಸಹಿ ಬೇಕು. ಆ ಪರೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದು, ಉತ್ತೀರ್ಣರಾಗಲು ಶೇ 70 ಅಂಕ ಬೇಕು. 141ನೆಯ ಭಾಗದಡಿ ಮಾನ್ಯತೆ ಪಡೆದ ಶಾಲೆಗೆ ಸೇರಿದವರಿಗೆ ಮಾತ್ರ 35 ಗಂಟೆಗಳ ನೆಲಪಾಠ ಕಡ್ಡಾಯ.

ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆಯಾದ ಇಎಎಸ್‌ಎಯ ಕ್ರಮ ಬೇರೆ. ಅಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಸುಮಾರು 100 ಗಂಟೆಗಳ ಥಿಯರಿ ಬೋಧನೆಯನ್ನು ಮಾನ್ಯತೆ ಪಡೆದ ಅಥವಾ ನೋಂದಾಯಿತ ತರಬೇತಿ ಸಂಸ್ಥೆಯ ಮೂಲಕವೇ ಪಡೆಯಬೇಕು. ಅದರಲ್ಲಿ ಒಂದಷ್ಟು ಭಾಗ ದೂರಶಿಕ್ಷಣದ್ದಾಗಿರಬಹುದು. 9 ವಿಷಯಗಳಲ್ಲಿ ಪ್ರತಿಯೊಂದರಲ್ಲೂ ಶೇ 75 ಅಂಕ ಬೇಕು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವಾದ ಡಿಜಿಸಿಎಯ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಲು ಶೇ 70 ಅಂಕ ಬೇಕು, ರೇಡಿಯೊ ಟೆಲಿಫೋನಿಗೆ ಪ್ರತ್ಯೇಕ ಪರೀಕ್ಷೆ ಇದೆ. ನಿಯಮಗಳು ಬದಲಾಗುತ್ತಿರುತ್ತವೆಯಾದ್ದರಿಂದ ಹಣ ಕಟ್ಟುವ ಮೊದಲು ಆಯಾ ಪ್ರಾಧಿಕಾರದ ಈಗಿನ ನಿಯಮವನ್ನು ನೀವೇ ಓದಿ ನೋಡಿ.

ನಾನು ವಿಜ್ಞಾನ ಓದಿದವಳಲ್ಲ. ಒಬ್ಬಳೇ ಕುಳಿತು ಓದಿದರೆ ಅರ್ಥವಾದೀತೇ?

ಖಂಡಿತ ಆಗುತ್ತದೆ. ಖಾಸಗಿ ಪೈಲಟ್ ಮಟ್ಟಕ್ಕೆ ಬೇಕಾದ ಗಣಿತ ಪ್ರೌಢಶಾಲೆಯದನ್ನು ಮೀರುವುದಿಲ್ಲ. ಗುಣಾಕಾರ, ಭಾಗಾಕಾರ, ಅನುಪಾತ, ನಕ್ಷೆಯ ಮೇಲೆ ಕೋನ ಅಳೆಯುವುದು, ಇಷ್ಟು ಗೊತ್ತಿದ್ದರೆ ಸಾಕು. ಭಾರ ಮತ್ತು ಸಮತೋಲನದ ಲೆಕ್ಕವೆಂದರೆ ಪ್ರತಿಯೊಂದು ತೂಕವನ್ನೂ ಒಂದು ನಿಗದಿತ ಬಿಂದುವಿನಿಂದ ಅದಕ್ಕಿರುವ ದೂರದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ತೂಕದಿಂದ ಭಾಗಿಸುವುದು, ಅಷ್ಟೇ.

ವಿಜ್ಞಾನದ ಹಿನ್ನೆಲೆ ಇಲ್ಲದವರನ್ನು ನಿಜವಾಗಿ ದಣಿಸುವುದು ಒಮ್ಮೆಲೇ ಎದುರಾಗುವ ಹೊಸ ಪದಗಳ ರಾಶಿ. ಆದ್ದರಿಂದ ಮೊದಲ ಕೆಲವು ಪಾಠಗಳನ್ನು ಬೋಧಕರ ಬಳಿ ಕಲಿತು, ಪದಗಳು ಪರಿಚಿತವಾದ ಮೇಲೆ ಸ್ವಂತ ಓದಿಗೆ ಇಳಿಯುವುದು ಸುಲಭವಾದ ದಾರಿ.

ಥಿಯರಿ ಪೂರ್ತಿ ಮುಗಿಸಿಯೇ ವಿಮಾನ ಹತ್ತಬೇಕೇ?

ಬೇಡ. ಎರಡೂ ಜೊತೆಜೊತೆಯಾಗಿ ಸಾಗುವುದು ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ಎಂಜಿನ್‌ಗೆ ಗಾಳಿ, ಇಂಧನ ಬೆರೆಸಿ ಕೊಡುವ ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟುವ ವಿಷಯವನ್ನೇ ನೋಡಿ. ತೇವಾಂಶ ಹೆಚ್ಚಿದ್ದರೆ ಹೊರಗಿನ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ದಾಟಿದ್ದಾಗಲೂ ಅದು ಕಟ್ಟಬಹುದು ಎಂಬ ಸಾಲು ಪುಸ್ತಕದಲ್ಲಿ ಓದಿದಾಗ ಕುತೂಹಲ ಹುಟ್ಟಿಸಿ ಮರೆತುಹೋಗುತ್ತದೆ. ಅದನ್ನು ಓದಿದ ಮರುದಿನವೇ, ಟೇಕಾಫ್‌ಗೆ ಮುಂಚಿನ ಎಂಜಿನ್ ಪರೀಕ್ಷೆಯಲ್ಲಿ ಅದಕ್ಕೆ ಬಿಸಿ ಗಾಳಿ ಹಾಯಿಸುವ ಕಾರ್ಬ್ಯುರೇಟರ್ ಹೀಟ್ ಹಿಡಿಯನ್ನು ಎಳೆದಾಗ ಆರ್‌ಪಿಎಂ (ಎಂಜಿನ್ ಸುತ್ತುವ ವೇಗ) ತುಸು ಇಳಿಯುವುದನ್ನು ಕಣ್ಣಾರೆ ಕಂಡವರಿಗೆ, ಬಿಸಿ ಗಾಳಿ ಎಲ್ಲಿಂದ ಬಂತು, ಆರ್‌ಪಿಎಂ ಯಾಕೆ ಇಳಿಯಿತು, ಮಂಜುಗಡ್ಡೆ ಇದ್ದಿದ್ದರೆ ಇಳಿದ ಮೇಲೆ ಮತ್ತೆ ಯಾಕೆ ಏರುತ್ತಿತ್ತು ಎಂಬುದೆಲ್ಲ ಒಂದೇ ಸರಪಳಿಯಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಹಾಗೆಂದು ಏನನ್ನೂ ಓದದೆ ಹತ್ತುವುದೂ ಸರಿಯಲ್ಲ. ಎಫ್‌ಎಎ ನಿಯಮದಲ್ಲಿ ವಿದ್ಯಾರ್ಥಿ ಮೊದಲ ಸಲ ಒಂಟಿಯಾಗಿ ಹಾರುವ ಮುನ್ನ, ನಿಯಮಗಳು, ಆ ವಾಯುಪ್ರದೇಶ ಮತ್ತು ಆ ವಿಮಾನದ ಗುಣಲಕ್ಷಣಗಳ ಬಗ್ಗೆ ಬೋಧಕರು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲೇಬೇಕು. ಒಂಟಿ ಹಾರಾಟದ ಹೊತ್ತಿಗೆ ಅಷ್ಟು, ದೂರಪ್ರಯಾಣದ ಹಾರಾಟಗಳು ಆರಂಭವಾಗುವ ಹೊತ್ತಿಗೆ ಲಿಖಿತ ಪರೀಕ್ಷೆ ಎಂದಿಟ್ಟುಕೊಂಡರೆ ಎರಡು ಕಡೆಯ ಕಲಿಕೆಯೂ ಒಂದನ್ನೊಂದು ಕಾಯಬೇಕಾಗುವುದಿಲ್ಲ.

ಖರ್ಚು ಉಳಿಸಲೆಂದು ಸ್ವಂತ ಓದನ್ನು ಆರಿಸಿಕೊಂಡಿದ್ದೇನೆ. ನಿಜವಾಗಿ ಉಳಿಯುತ್ತದೆಯೇ?

ಓದು ಗಟ್ಟಿಯಾಗಿದ್ದರೆ ಉಳಿಯುತ್ತದೆ. ಹಾರಾಟ ಕಲಿಕೆಯಲ್ಲಿ ಅತ್ಯಂತ ದುಬಾರಿಯಾದದ್ದು ಎಂಜಿನ್ ಓಡುತ್ತಿರುವ ಸಮಯ. ನೆಲದ ಮೇಲೆ ಅರ್ಧ ಗಂಟೆಯಲ್ಲಿ ಬಗೆಹರಿಯಬಹುದಾಗಿದ್ದ ಸಂದೇಹವನ್ನು ಗಾಳಿಯಲ್ಲಿ ಕೇಳಿ, ಅದೇ ಪಾಠವನ್ನು ಮತ್ತೊಮ್ಮೆ ಹಾರಬೇಕಾಗಿ ಬಂದರೆ ಗ್ರೌಂಡ್ ಸ್ಕೂಲ್‌ನ ಶುಲ್ಕಕ್ಕಿಂತ ಹೆಚ್ಚು ಹಣ ಕೈಬಿಡಬಹುದು. ಹೋಲಿಸುವಾಗ ಪುಸ್ತಕದ ಬೆಲೆಯನ್ನೂ ತರಗತಿಯ ಶುಲ್ಕವನ್ನೂ ಮಾತ್ರ ಅಕ್ಕಪಕ್ಕ ಇಡದೆ, ಲೈಸೆನ್ಸ್ ಕೈಗೆ ಬರುವವರೆಗಿನ ಒಟ್ಟು ವೆಚ್ಚವನ್ನು ಲೆಕ್ಕ ಹಾಕಿ.

## ಓದಿನ ದಾರಿ

ಯಾವ ವಿಷಯಗಳನ್ನು ಒಬ್ಬನೇ ಓದಿಕೊಳ್ಳಬಹುದು, ಯಾವುದಕ್ಕೆ ಗುರು ಬೇಕೇ ಬೇಕು?

ಈ ಇಡೀ ಚರ್ಚೆಯ ತಿರುಳು ಇಲ್ಲಿದೆ. ಪುಸ್ತಕದಲ್ಲಿ ಇರುವುದನ್ನು ಪುಸ್ತಕದಿಂದ ಕಲಿಯಬಹುದು. ಆದರೆ ತಪ್ಪಾಗಿ ತಿಳಿದುಕೊಂಡದ್ದು, ತಿಳಿದುಕೊಂಡವನಿಗೆ ಸರಿಯಾಗಿಯೇ ಕಾಣುತ್ತದೆ. ಅದನ್ನು ಹಿಡಿದು ತೋರಿಸಲು ಇನ್ನೊಬ್ಬರು ಬೇಕು. ಎಲ್ಲಿ ತಪ್ಪು ತಿಳಿವಳಿಕೆಗೆ ಅವಕಾಶ ಹೆಚ್ಚೋ ಅಲ್ಲಿ ಗುರುವಿನ ಅಗತ್ಯವೂ ಹೆಚ್ಚು.

ಕಾನೂನು ಮತ್ತು ನಿಯಮಗಳನ್ನು ಸ್ವಂತ ಓದಿಕೊಳ್ಳಬಹುದು. ಮೆಟಾರ್, ಟ್ಯಾಫ್‌ಗಳಂಥ ಹವಾಮಾನ ವರದಿಗಳ ಸಂಕೇತಗಳೂ ಹಾಗೆಯೇ: ಪ್ರತಿದಿನ ಒಂದೆರಡು ವಿಮಾನ ನಿಲ್ದಾಣಗಳ ವರದಿಯನ್ನು ಬಿಡಿಸಿ ಓದುವ ಅಭ್ಯಾಸವಿಟ್ಟುಕೊಂಡರೆ ಅವು ತಾವಾಗಿ ಒಲಿಯುತ್ತವೆ. ವಿಮಾನದ ಇಂಧನ, ವಿದ್ಯುತ್, ನಿರ್ವಾತ ವ್ಯವಸ್ಥೆಗಳನ್ನು ಚಿತ್ರ ನೋಡಿ ಕಲಿತು, ಹ್ಯಾಂಗರ್‌ನಲ್ಲಿ ಮುಚ್ಚಳ ತೆಗೆದಿಟ್ಟ ಎಂಜಿನ್ ಒಂದನ್ನು ಒಮ್ಮೆ ನೋಡಿ ಬಂದರೆ ಸಾಕು.

ಹಾರಾಟದ ತತ್ತ್ವಗಳಲ್ಲಿ ಪರಿಸ್ಥಿತಿ ಬೇರೆ. ಸ್ಟಾಲ್ ಎಂದರೆ ವೇಗ ಕಡಿಮೆಯಾಗುವುದು ಎಂದು ತಿಳಿದುಕೊಂಡೇ ಎಷ್ಟೋ ಜನ ಪರೀಕ್ಷೆ ಪಾಸು ಮಾಡುತ್ತಾರೆ. ವಾಸ್ತವದಲ್ಲಿ, ಎದುರು ಗಾಳಿಗೆ ರೆಕ್ಕೆ ಒಡ್ಡಿಕೊಂಡ ಕೋನವು ಒಂದು ಮಿತಿಯನ್ನು ದಾಟಿದಾಗ ರೆಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ವಿಮಾನವನ್ನು ಎತ್ತಿಹಿಡಿಯುವ ಅದರ ಬಲ ಕುಸಿಯುತ್ತದೆ. ಆ ಮಿತಿಯನ್ನು ಯಾವ ವೇಗದಲ್ಲಾದರೂ, ವಿಮಾನ ಯಾವ ಭಂಗಿಯಲ್ಲಿದ್ದರೂ ದಾಟಬಹುದು. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗುವ ವಿಮಾನದ ಮೇಲೆ ಭಾರ ಇಮ್ಮಡಿಯಾಗುತ್ತದೆ, ಸ್ಟಾಲ್ ವೇಗ 1.41 ಪಟ್ಟು ಏರುತ್ತದೆ. ನೇರ ಹಾರಾಟದಲ್ಲಿ 50 ನಾಟ್‌ಗೆ ಸ್ಟಾಲ್ ಆಗುವ ವಿಮಾನ ಆಗ ಸುಮಾರು 71 ನಾಟ್‌ಗೇ ಸ್ಟಾಲ್ ಆಗುತ್ತದೆ. ಈ ಅಂಕಿಗಳನ್ನು ಯಾರಾದರೂ ನೆನಪಿಡಬಹುದು. ಆದರೆ ರನ್‌ವೇಯ ನೇರಕ್ಕೆ ಕೊನೆಯ ತಿರುವು ತೆಗೆದುಕೊಳ್ಳುವಾಗ ಸ್ವಲ್ಪ ಆಚೆ ಹೋಗಿಬಿಟ್ಟೆವೆಂದು ಇನ್ನಷ್ಟು ವಾಲಿಸಿ, ಮೂಗನ್ನು ಮೇಲಕ್ಕೆಳೆಯುವ ಪೈಲಟ್ ಮಾಡುತ್ತಿರುವುದು ಇದನ್ನೇ ಎಂದು ಕಾಣಿಸಿಕೊಡಲು ಒಬ್ಬ ಬೋಧಕರು ಎದುರು ಕುಳಿತು ಪ್ರಶ್ನೆ ಹಾಕಬೇಕಾಗುತ್ತದೆ.

ಹವಾಮಾನದ ನಿರ್ಧಾರಗಳೂ ಇದೇ ಬಗೆಯವು. ಸಂಕೇತ ಓದುವುದು ಒಂದು, ಇಂದು ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮತ್ತೊಂದು. ರೇಡಿಯೊ ಸಂಭಾಷಣೆಯನ್ನಂತೂ ಮೌನವಾಗಿ ಓದಿ ಕಲಿಯಲು ಬರುವುದಿಲ್ಲ; ಬಾಯಿ ಬಿಟ್ಟು ಹೇಳಬೇಕು, ಕೇಳಿದವರು ತಿದ್ದಬೇಕು.

ಪ್ರಶ್ನೆ ಬ್ಯಾಂಕ್ ಬಾಯಿಪಾಠ ಮಾಡಿದರೆ ಹೇಗೂ ಪಾಸಾಗುತ್ತೇನೆ. ಅದರಲ್ಲಿ ತಪ್ಪೇನಿದೆ?

ಅಂಕ ಬರಬಹುದು. ಆದರೆ ಬಾಯಿಪಾಠದ ಜ್ಞಾನ, ಪರಿಸ್ಥಿತಿ ಸ್ವಲ್ಪ ಬದಲಾದರೂ ಕೈಕೊಡುತ್ತದೆ. ಕಾಂತೀಯ ದಿಕ್ಸೂಚಿಯ ದೋಷಗಳಿಗೆ ಉತ್ತರಾರ್ಧಗೋಳದ ಪುಸ್ತಕಗಳಲ್ಲಿ ಒಂದು ನೆನಪಿನ ಸೂತ್ರ ಇರುತ್ತದೆ: ಪೂರ್ವಕ್ಕೋ ಪಶ್ಚಿಮಕ್ಕೋ ಹಾರುತ್ತಿರುವಾಗ ವೇಗ ಹೆಚ್ಚಿಸಿದರೆ ದಿಕ್ಸೂಚಿ ಉತ್ತರದ ಕಡೆ, ತಗ್ಗಿಸಿದರೆ ದಕ್ಷಿಣದ ಕಡೆ ತಿರುಗಿದಂತೆ ತೋರಿಸುತ್ತದೆ. ದಕ್ಷಿಣಾರ್ಧಗೋಳದಲ್ಲಿ ಇದು ತದ್ವಿರುದ್ಧ. ಭೂಮಿಯ ಕಾಂತಕ್ಷೇತ್ರ ನೆಲದತ್ತ ಬಾಗಿರುವುದರಿಂದ ಸೂಜಿಯನ್ನು ಸಮತೋಲನದಲ್ಲಿಡಲು ಅದರ ಭಾರಕೇಂದ್ರವನ್ನು ಒಂದು ಕಡೆಗೆ ಸರಿಸಲಾಗಿದೆ ಎಂಬ ಕಾರಣ ತಿಳಿದವರು ಎಲ್ಲಿ ಹಾರಿದರೂ ಸರಿಯಾದ ಉತ್ತರವನ್ನು ಯೋಚಿಸಿ ಪಡೆಯುತ್ತಾರೆ.

ಎಫ್‌ಎಎ ತನ್ನ ಚಾಲ್ತಿಯ ಪ್ರಶ್ನೆಗಳನ್ನು ಪ್ರಕಟಿಸುವುದಿಲ್ಲ, ಮಾದರಿಗಳನ್ನಷ್ಟೇ ಕೊಡುತ್ತದೆ ಎಂಬುದನ್ನೂ ಗಮನಿಸಿ. ಪ್ರಶ್ನೆ ಬ್ಯಾಂಕ್‌ಗೆ ಸರಿಯಾದ ಜಾಗ ಓದಿನ ಕೊನೆ. ಒಂದು ವಿಷಯ ಮುಗಿದ ಮೇಲೆ ಅದನ್ನು ಬಿಡಿಸಿ, ತಪ್ಪಾದ ಪ್ರತಿ ಪ್ರಶ್ನೆಗೂ ಉಳಿದ ಆಯ್ಕೆಗಳು ಯಾಕೆ ತಪ್ಪು ಎಂದು ನಿಮ್ಮದೇ ವಾಕ್ಯದಲ್ಲಿ ಬರೆಯಿರಿ.

ಆನ್‌ಲೈನ್ ವಿಡಿಯೊ ಕೋರ್ಸ್ ತೆಗೆದುಕೊಂಡರೆ ಅದು ಗ್ರೌಂಡ್ ಸ್ಕೂಲ್ ಆಯಿತೇ, ಸ್ವಂತ ಓದು ಆಯಿತೇ?

ನಿಮ್ಮ ಉತ್ತರವನ್ನು ಓದಿ, ನಿಮ್ಮ ಯೋಚನೆಯಲ್ಲಿ ತಪ್ಪೆಲ್ಲಿದೆ ಎಂದು ಹೇಳುವ ವ್ಯಕ್ತಿ ಆ ಕೋರ್ಸಿನಲ್ಲಿದ್ದರೆ ಅದನ್ನು ಶಾಲೆ ಎಂದೇ ಪರಿಗಣಿಸಬಹುದು. ಇಲ್ಲದಿದ್ದರೆ ಅದು ಚೆನ್ನಾಗಿ ಜೋಡಿಸಿದ ಸ್ವಂತ ಓದು. ವಿಡಿಯೊ ನೋಡುತ್ತಿರುವಾಗ ಎಲ್ಲವೂ ಸಲೀಸಾಗಿ ಅರ್ಥವಾದಂತೆ ಅನ್ನಿಸುವುದುಂಟು. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಪರದೆ ನೋಡದೆ ಚಿತ್ರವನ್ನು ನೀವೇ ಬಿಡಿಸಿ ನೋಡಿದರೆ ಅರ್ಥವಾದದ್ದೆಷ್ಟು ಎಂಬುದು ಗೊತ್ತಾಗುತ್ತದೆ.

ಕೆಲಸ ಮುಗಿಸಿ ಬಂದು ರಾತ್ರಿ ಓದುತ್ತೇನೆ. ಎರಡು ವಾರದ ಹಿಂದೆ ಓದಿದ್ದು ಈಗ ನೆನಪಿಲ್ಲ. ಏನು ಮಾಡಲಿ?

ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ಓದಿದ್ದು ಮೊದಲ ಕೆಲವು ದಿನಗಳಲ್ಲೇ ವೇಗವಾಗಿ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ ತೋರಿಸಿದ್ದರು. ಅದೇ ಪುಟವನ್ನು ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವ ಯತ್ನ ಹೆಚ್ಚು ಫಲ ಕೊಡುತ್ತದೆ. ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ಎರಡು ವಾರದ ಮೇಲೆ ಮತ್ತೊಮ್ಮೆ ಹೀಗೆ ನೆನಪಿಸಿಕೊಳ್ಳಿ. ವಾರಕ್ಕೊಂದು ದಿನ ಏಳೆಂಟು ಗಂಟೆ ಕೂರುವುದಕ್ಕಿಂತ ದಿನಕ್ಕೊಂದು ಗಂಟೆ ಮೇಲು.

ನಿಯಮಿತವಾಗಿ ಕೂರಲು ಸಾಧ್ಯವೇ ಆಗುತ್ತಿಲ್ಲವೆಂದರೆ, ಅದು ಗ್ರೌಂಡ್ ಸ್ಕೂಲ್ ಸೇರಲು ಸಾಕಷ್ಟು ಬಲವಾದ ಕಾರಣ. ನಿಗದಿತ ದಿನ, ನಿಗದಿತ ಪಾಠ, ಜೊತೆಗೆ ಓದುವ ನಾಲ್ಕು ಜನ, ಇವು ಕೊಡುವ ಶಿಸ್ತನ್ನು ತಾವೇ ಕಟ್ಟಿಕೊಳ್ಳುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಗ್ರೌಂಡ್ ಸ್ಕೂಲ್ ಸೇರುವ ಮುಂಚೆ ಏನು ವಿಚಾರಿಸಬೇಕು?

ಯಾರು ಪಾಠ ಮಾಡುತ್ತಾರೆ, ಅವರು ಈಗಲೂ ಹಾರುತ್ತಿದ್ದಾರೆಯೇ ಎಂದು ಕೇಳಿ. ಒಂದು ತರಗತಿಯಲ್ಲಿ ಕುಳಿತು ನೋಡಲು ಅನುಮತಿ ಕೇಳಿ. ವಿದ್ಯಾರ್ಥಿಗಳು ಪ್ರಶ್ನೆ ಕೇಳುತ್ತಿದ್ದಾರೆಯೇ, ಬೋಧಕರು ತಿರುಗಿ ಪ್ರಶ್ನೆ ಹಾಕುತ್ತಿದ್ದಾರೆಯೇ ಎಂಬುದನ್ನು ಅಲ್ಲಿ ಗಮನಿಸಿ. ಸ್ಲೈಡ್ ಓದಿ ಹೇಳುವುದೇ ಪಾಠವಾಗಿದ್ದರೆ ಮನೆಯಲ್ಲಿ ಓದುವುದೇ ಒಳ್ಳೆಯದು.

## ಪರೀಕ್ಷೆ ಮತ್ತು ಅದರ ಆಚೆ

ನನಗೆ ನಿಜವಾಗಿ ಅರ್ಥವಾಗಿದೆ ಎಂದು ನಾನೇ ಹೇಗೆ ಪರೀಕ್ಷಿಸಿಕೊಳ್ಳಲಿ?

ಬೋಧಕರ ತರಬೇತಿಗಾಗಿ ಎಫ್‌ಎಎ ಸಿದ್ಧಪಡಿಸಿದ ಪಠ್ಯದಲ್ಲಿ ಕಲಿಕೆಯನ್ನು ನಾಲ್ಕು ಹಂತಗಳಾಗಿ ಗುರುತಿಸಲಾಗಿದೆ: ಕಂಠಪಾಠ, ಅರ್ಥೈಸಿಕೊಳ್ಳುವುದು, ಬಳಸುವುದು, ಬೇರೆ ವಿಷಯಗಳೊಂದಿಗೆ ಬೆಸೆಯುವುದು. ಒಂದೇ ಉದಾಹರಣೆಯನ್ನು ನಾಲ್ಕೂ ಹಂತಗಳಲ್ಲಿ ಹಾಯಿಸಿ ನೋಡೋಣ.

ಡೆನ್ಸಿಟಿ ಆಲ್ಟಿಟ್ಯೂಡ್ ಎಂದರೆ ಗಾಳಿಯ ಸಾಂದ್ರತೆಯ ಲೆಕ್ಕದಲ್ಲಿ ವಿಮಾನಕ್ಕೆ ಅನುಭವವಾಗುವ ಎತ್ತರ ಎಂದು ಹೇಳಿದರೆ ಅದು ಮೊದಲ ಹಂತ. ಗಾಳಿ ಬಿಸಿಯಾದರೆ ವಿರಳವಾಗುತ್ತದೆ, ಆದ್ದರಿಂದ ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರೂ ಸೊರಗುತ್ತವೆ ಎಂದು ವಿವರಿಸಿದರೆ ಎರಡನೆಯದು. ಒತ್ತಡದ ಲೆಕ್ಕದಲ್ಲಿ 3,000 ಅಡಿ ಎತ್ತರದಲ್ಲಿರುವ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ 34 ಡಿಗ್ರಿ ಸೆಲ್ಸಿಯಸ್ ಇದೆ ಎನ್ನಿ. ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ 1,000 ಅಡಿಗೆ ಸುಮಾರು 2 ಡಿಗ್ರಿ ಇಳಿಕೆ ಎಂಬ ಪ್ರಮಾಣಿತ ವಾತಾವರಣದಲ್ಲಿ ಅಲ್ಲಿ 9 ಡಿಗ್ರಿ ಇರಬೇಕಿತ್ತು. ಹೆಚ್ಚಿರುವ 25 ಡಿಗ್ರಿಗೆ, ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಂತೆ, 3,000 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ 6,000 ಅಡಿ. ಇದು ಮೂರನೆಯ ಹಂತ. ಈ ಸಂಖ್ಯೆಯನ್ನು ಕಂಡೊಡನೆ, ರನ್‌ವೇ ಉದ್ದ ಸಾಲುತ್ತದೆಯೇ, ಇಬ್ಬರು ಪ್ರಯಾಣಿಕರಲ್ಲಿ ಒಬ್ಬರನ್ನು ಇಳಿಸಬೇಕೇ, ಮುಂದಿರುವ ಗುಡ್ಡವನ್ನು ದಾಟುವಷ್ಟು ಏರುವಿಕೆ ಸಿಗುತ್ತದೆಯೇ, ಮುಂಜಾನೆಯ ತಂಪಿಗೆ ಕಾಯುವುದು ಮೇಲೇ ಎಂಬ ಪ್ರಶ್ನೆಗಳು ಯಾರೂ ಕೇಳದೆಯೇ ಮನಸ್ಸಿನಲ್ಲಿ ಎದ್ದರೆ ಅದು ನಾಲ್ಕನೆಯದು.

ಒಂಟಿ ಓದಿನಲ್ಲಿ ಮೂರನೆಯ ಹಂತದವರೆಗೆ ಹೋಗಬಹುದು. ನಾಲ್ಕನೆಯದು ಅನುಭವಿಗಳೊಂದಿಗೆ ಮಾತಾಡುತ್ತಾ ಬಲಿಯುವಂಥದ್ದು.

ಮೌಖಿಕ ಪರೀಕ್ಷೆಯಲ್ಲಿ ಸ್ವಂತ ಓದಿದವರು ತಡವರಿಸುತ್ತಾರೆ ಎನ್ನುತ್ತಾರೆ. ನಿಜವೇ?

ತಿಳಿದದ್ದನ್ನು ಬಾಯಲ್ಲಿ ಹೇಳಿ ಅಭ್ಯಾಸವಿಲ್ಲದವರು ತಡವರಿಸುತ್ತಾರೆ, ಮತ್ತು ಒಂಟಿಯಾಗಿ ಓದಿದವರಿಗೆ ಆ ಅಭ್ಯಾಸ ಕಡಿಮೆ ಇರುತ್ತದೆ. ಪರೀಕ್ಷಕರು ಕೇಳುವುದು ಸನ್ನಿವೇಶಗಳನ್ನು: ಹೊರಟ ಮೇಲೆ ಮೋಡದ ತಳ ಕೆಳಗಿಳಿಯುತ್ತಿದೆ, ಇಂಧನ ಇಷ್ಟಿದೆ, ಈಗೇನು ಮಾಡುತ್ತೀರಿ? ಇದಕ್ಕೆ ಹವಾಮಾನ, ನಿಯಮ, ನ್ಯಾವಿಗೇಷನ್ ಮೂರನ್ನೂ ಒಟ್ಟಿಗೇ ಬಳಸಿ ಉತ್ತರಿಸಬೇಕು. ಎಫ್‌ಎಎ ಪದ್ಧತಿಯಲ್ಲಿ ಲಿಖಿತ ಪರೀಕ್ಷೆಯ ಫಲಿತಾಂಶದ ಹಾಳೆಯ ಮೇಲೆ ನೀವು ತಪ್ಪಿದ ವಿಷಯಗಳ ಸಂಕೇತಗಳು ನಮೂದಾಗಿರುತ್ತವೆ, ಪರೀಕ್ಷಕರು ಅವನ್ನೇ ಮತ್ತೆ ಕೇಳುತ್ತಾರೆ. ಆ ಹಾಳೆ ಬಂದ ದಿನವೇ ಅದನ್ನು ಬೋಧಕರ ಮುಂದಿಟ್ಟು, ಒಂದೊಂದು ಸಂಕೇತವನ್ನೂ ಬಾಯಿಮಾತಿನಲ್ಲಿ ವಿವರಿಸಿ.

ಲಿಖಿತ ಪರೀಕ್ಷೆಯಲ್ಲಿ ಒಮ್ಮೆ ಫೇಲಾದೆ. ಈಗಲಾದರೂ ತರಗತಿಗೆ ಸೇರಬೇಕೇ?

ಎಲ್ಲಿ ತಪ್ಪಿದಿರಿ ಎಂಬುದನ್ನು ಮೊದಲು ನೋಡಿ. ತಪ್ಪುಗಳು ಒಂದೆರಡು ವಿಷಯಗಳಲ್ಲಿ ಗುಂಪಾಗಿದ್ದರೆ ಆ ವಿಷಯಗಳಿಗಷ್ಟೇ ಬೋಧಕರ ಕೆಲವು ಗಂಟೆ ಸಾಕು. ಎಲ್ಲೆಡೆ ಚೆದುರಿದ್ದರೆ ಓದಿನ ಕ್ರಮವೇ ಸಡಿಲವಾಗಿದೆ ಎಂದರ್ಥ, ತರಗತಿ ಸಹಾಯ ಮಾಡುತ್ತದೆ. ಎಫ್‌ಎಎ ನಿಯಮದಲ್ಲಂತೂ ಮರುಪರೀಕ್ಷೆಗೆ ಮುನ್ನ ಬೋಧಕರಿಂದ ಮತ್ತೆ ಪಾಠ ಮತ್ತು ಸಹಿ ಪಡೆಯಲೇಬೇಕು. ಇಎಎಸ್‌ಎ ಪದ್ಧತಿಯಲ್ಲಿ ಎಲ್ಲ ವಿಷಯಗಳನ್ನೂ 18 ತಿಂಗಳೊಳಗೆ, ಪ್ರತಿ ವಿಷಯಕ್ಕೆ ಹೆಚ್ಚೆಂದರೆ 4 ಪ್ರಯತ್ನಗಳಲ್ಲಿ ಮುಗಿಸದಿದ್ದರೆ ಇಡೀ ಪರೀಕ್ಷಾಸರಣಿಯನ್ನು ಮೊದಲಿನಿಂದ ಬರೆಯಬೇಕಾಗುತ್ತದೆ.

ಮುಂದೆ ಏರ್‌ಲೈನ್ ಪೈಲಟ್ ಆಗುವ ಗುರಿಯಿದೆ. ಆಗಲೂ ಸ್ವಂತ ಓದು ನಡೆಯುತ್ತದೆಯೇ?

ಆ ಗುರಿಯಿದ್ದವರಿಗೆ ಔಪಚಾರಿಕ ಶಾಲೆಯನ್ನೇ ನಾನು ಸೂಚಿಸುತ್ತೇನೆ. ಇಎಎಸ್‌ಎ ವ್ಯವಸ್ಥೆಯಲ್ಲಿ ಏರ್‌ಲೈನ್ ಪೈಲಟ್ ಲೈಸೆನ್ಸಾದ ಎಟಿಪಿಎಲ್‌ನ ಥಿಯರಿಗೆ ಸುಮಾರು 650 ಗಂಟೆಗಳ ಬೋಧನೆ, 13 ವಿಷಯಗಳು. ದೂರಶಿಕ್ಷಣದಲ್ಲಿ ಓದಿದರೂ ಕನಿಷ್ಠ ಶೇ 10 ಭಾಗ ತರಗತಿಯಲ್ಲೇ ನಡೆಯಬೇಕು. ಎಫ್‌ಎಎ ಪದ್ಧತಿಯಲ್ಲಿ ಇನ್‌ಸ್ಟ್ರುಮೆಂಟ್ (ಉಪಕರಣಗಳ ಆಧಾರದ ಮೇಲೆಯೇ ಹಾರುವ) ಲಿಖಿತ ಪರೀಕ್ಷೆಗೂ ಮನೆಯ ಓದು ಸಲ್ಲುತ್ತದೆ. ಆದರೂ ರನ್‌ವೇಗೆ ಇಳಿದು ಬರುವ ದಾರಿ ತೋರಿಸುವ ಅಪ್ರೋಚ್ ಚಾರ್ಟ್‌ಗಳು, ಗಾಳಿಯಲ್ಲೇ ಸುತ್ತುತ್ತಾ ಕಾಯುವ ಹೋಲ್ಡಿಂಗ್, ಹಿಮಗಟ್ಟುವಿಕೆಯಂಥ ವಿಷಯಗಳಲ್ಲಿ ಒಂದು ತಪ್ಪು ಗ್ರಹಿಕೆ ಬಹಳ ದೂರ ಎಳೆದೊಯ್ಯಬಲ್ಲದು. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಏರ್‌ಲೈನ್ ತರಬೇತಿ ನಿಗದಿತ ದಿನಾಂಕಗಳಲ್ಲಿ, ಗುಂಪಿನಲ್ಲಿ, ಭಾರೀ ವೇಗದಲ್ಲಿ ನಡೆಯುತ್ತದೆ. ಅಲ್ಲಿ ಇಬ್ಬರು ಪೈಲಟ್‌ಗಳು ಒಬ್ಬರ ಯೋಚನೆಯನ್ನು ಇನ್ನೊಬ್ಬರಿಗೆ ಸ್ಪಷ್ಟವಾಗಿ ಹೇಳಿ, ತಿದ್ದಿಸಿಕೊಳ್ಳಬೇಕು. ಆ ರೂಢಿ ಬೆಳೆಯಲು ತರಗತಿ ಒಳ್ಳೆಯ ಜಾಗ.

ಪುಸ್ತಕದಲ್ಲಿ ಓದಿದ್ದಕ್ಕೂ ನನ್ನ ಬೋಧಕರು ಹೇಳಿದ್ದಕ್ಕೂ ತಾಳೆಯಾಗುತ್ತಿಲ್ಲ. ಯಾರನ್ನು ನಂಬಲಿ?

ಮೂರು ಬಗೆಯ ಭಿನ್ನಾಭಿಪ್ರಾಯಗಳನ್ನು ಬೇರ್ಪಡಿಸಿಕೊಳ್ಳಿ. ನಿಯಮದ ವಿಷಯವಾದರೆ ಪುಸ್ತಕವನ್ನೂ ಬೋಧಕರನ್ನೂ ಬದಿಗಿಟ್ಟು ಪ್ರಾಧಿಕಾರದ ಈಗಿನ ಪಠ್ಯವನ್ನು ನೋಡಿ. ಹಳೆಯ ಆವೃತ್ತಿಯ ಪುಸ್ತಕ ಇಟ್ಟುಕೊಂಡು ಒಂಟಿಯಾಗಿ ಓದುವವರಿಗೆ ಈ ತೊಡಕು ಹೆಚ್ಚು. ಸಿದ್ಧಾಂತದ ವಿಷಯವಾದರೆ ಕಾರಣ ಕೇಳಿ. ರೆಕ್ಕೆಯ ಮೇಲೆ ಮತ್ತು ಕೆಳಗೆ ಹಾಯುವ ಗಾಳಿ ಹಿಂಬದಿಯಲ್ಲಿ ಒಂದೇ ಸಮಯಕ್ಕೆ ಸೇರುತ್ತದೆ, ಅದಕ್ಕೇ ಮೇಲಿನ ಗಾಳಿ ವೇಗವಾಗಿ ಓಡುತ್ತದೆ ಎಂಬ ವಿವರಣೆ ಪುಸ್ತಕಗಳಲ್ಲೂ ತರಗತಿಗಳಲ್ಲೂ ಬಹುಕಾಲದಿಂದ ಓಡಾಡಿಕೊಂಡಿದೆ. ಅದು ತಪ್ಪು. ಮೇಲಿನ ಗಾಳಿ ವಾಸ್ತವದಲ್ಲಿ ಕೆಳಗಿನದಕ್ಕಿಂತ ಮೊದಲೇ ಹಿಂಬದಿಯನ್ನು ತಲಪುತ್ತದೆ.

ಮೂರನೆಯದು ವಿಮಾನವನ್ನು ನಡೆಸುವ ಕ್ರಮ. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಯಾವಾಗ ಎತ್ತಬೇಕು, ಗಿರಗಿರ ಸುತ್ತುತ್ತಾ ಬೀಳುವ ಸ್ಪಿನ್‌ನಿಂದ ಹೊರಬರುವ ಹಂತಗಳೇನು, ಇಂಧನದ ಟ್ಯಾಂಕ್ ಯಾವಾಗ ಬದಲಾಯಿಸಬೇಕು ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಇಲ್ಲಿ ಆ ವಿಮಾನದ ಅಧಿಕೃತ ಹಾರಾಟ ಕೈಪಿಡಿ ಹೇಳಿದ್ದೇ ಅಂತಿಮ. ಭಿನ್ನವಾದ ಮಾತು ಕೇಳಿದರೆ ಕೈಪಿಡಿಯ ಆ ಪುಟವನ್ನು ತೆರೆದು, ಹಾರಾಟಕ್ಕೆ ಹೊರಡುವ ಮೊದಲು, ಬೋಧಕರೊಂದಿಗೆ ಕುಳಿತು ಒಟ್ಟಿಗೆ ಓದಿ.